ಗ್ರಾಂ ಸ್ಟೈನ್‌ನಲ್ಲಿ ಅರ್ಧ ನೇರಳೆ, ಅರ್ಧ ಪಿಂಕ್ ಬಂದ್ರೆ ಕಲ್ಚರ್ ಕೆಟ್ಟಿದೆ ಅಂತಾನಾ?

ಪ್ರಶ್ನೆ: ಮೇಡಂ, ನಾನು ಮೈಕ್ರೋಬಯಾಲಜಿ ಸ್ಟೂಡೆಂಟ್. ಪ್ರಾಕ್ಟಿಕಲ್‌ಗೆ ಬ್ಯಾಸಿಲಸ್ ಸಬ್ಟಿಲಿಸ್ ಕೊಟ್ಟಿದ್ರು, ಅದು ಗ್ರಾಂ ಪಾಸಿಟಿವ್, ಅಂದ್ರೆ ಗ್ರಾಂ ಸ್ಟೈನ್ (ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ ಎರಡು ಗುಂಪು ಮಾಡೋ ಟೆಸ್ಟ್) ಮಾಡಿದ್ರೆ ನೇರಳೆ ಬರ್ಬೇಕು; ಗ್ರಾಂ ನೆಗೆಟಿವ್ ಆಗಿದ್ರೆ ಪಿಂಕ್. ನಂಗೆ ಕೋಲಿನ ಥರ ಇರೋ ಬ್ಯಾಕ್ಟೀರಿಯಾಗಳಲ್ಲಿ ಅರ್ಧದಷ್ಟು ನೇರಳೆ, ಇನ್ನರ್ಧ ಪಿಂಕ್. ಕೆಲವು ಕೋಲಿನ ಮಧ್ಯ ಬಣ್ಣಾನೇ ಹತ್ತಿಲ್ಲ, ತೂತು ಬಿದ್ದ ಹಾಗೆ ಖಾಲಿ. ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟು (ಕಲ್ಚರ್) ನಾಲ್ಕು ದಿನದ್ದು. ಕಂಟಾಮಿನೇಶನ್ ಆಗಿದೆಯಾ, ಅಂದ್ರೆ ಬೇರೆ ಬ್ಯಾಕ್ಟೀರಿಯಾ ಸೇರ್ಕೊಂಡಿದೆಯಾ? ಇನ್ನೊಂದು ಡೌಟು, ಬರೀ ಎರಡು ಬಣ್ಣ ನೋಡಿ ಅದು ಯಾವ ಬ್ಯಾಕ್ಟೀರಿಯಾ ಅಂತ ಹೆಂಗೆ ಹೇಳ್ತಾರೆ?

ಉತ್ತರ: ನಿಮ್ಮ ಪ್ರಶ್ನೇಲೇ ಉತ್ತರ ಇದೆ ಕಣ್ರೀ, "ನಾಲ್ಕು ದಿನದ್ದು" ಅಂದ್ರಲ್ಲ, ಅಲ್ಲೇ. ಆ ಖಾಲಿ ತೂತು ಇನ್ನೊಂದು ಸಾಕ್ಷಿ. ಅದು ತೂತಲ್ಲ, ಎಂಡೋಸ್ಪೋರ್. ಊಟ ಮುಗೀತಾ ಬಂದಾಗ ಬ್ಯಾಸಿಲಸ್ ತನ್ನ ಡಿಎನ್‌ಎ ಒಂದು ಕಾಪಿನ ಗಟ್ಟಿ ಕವಚದೊಳಗೆ ಕಟ್ಟಿಡತ್ತೆ, ಆ ಕವಚ ದಾಟಿ ಮಾಮೂಲಿ ಬಣ್ಣ ಒಳಗೆ ಹೋಗಲ್ಲ, ಅದಕ್ಕೆ ಅಲ್ಲಿ ಖಾಲಿ ಕಾಣತ್ತೆ. ಮಲಾಕೈಟ್ ಗ್ರೀನ್ ಅನ್ನೋ ಬಣ್ಣ ಹಾಕಿ ಹಬೆ ಕೊಟ್ರೆ ಅದೇ ಜಾಗ ಹಸಿರಾಗಿ ಎದ್ದು ಕಾಣತ್ತೆ, ಟೈಮ್ ಇದ್ರೆ ಮಾಡಿ ನೋಡಿ. ಈಗ ಪಿಂಕ್ ಕೋಲುಗಳ ಒಳಗೂ ಆ ಖಾಲಿ ಜಾಗ ಇದೆಯಾ ಅಂತ ನೋಡಿ. ಇದ್ರೆ ಅದು ಹೊರಗಿಂದ ಬಂದ ಇ. ಕೋಲೈ ಅಲ್ವೇ ಅಲ್ಲ, ಯಾಕಂದ್ರೆ ಪ್ರಾಕ್ಟಿಕಲ್‌ನಲ್ಲಿ ಸಾಮಾನ್ಯವಾಗಿ ಸಿಗೋ ಗ್ರಾಂ ನೆಗೆಟಿವ್ ಕೋಲುಗಳು ಸ್ಪೋರ್ ಮಾಡಲ್ಲ. ನಿಮ್ಮದೇ ಬ್ಯಾಸಿಲಸ್, ವಯಸ್ಸಾಗಿ ಬಣ್ಣ ಬಿಟ್ಟಿದೆ ಅಷ್ಟೆ.

ಬಣ್ಣ ಯಾಕೆ ಬಿಡತ್ತೆ? ಗ್ರಾಂ ಸ್ಟೈನ್‌ನಲ್ಲಿ ಮೊದಲು ಕ್ರಿಸ್ಟಲ್ ವಯೊಲೆಟ್ (ನೇರಳೆ ಬಣ್ಣ), ಆಮೇಲೆ ಅಯೋಡಿನ್, ಆಮೇಲೆ ಆಲ್ಕೋಹಾಲ್, ಕೊನೇಲಿ ಸಫ್ರಾನಿನ್ (ಪಿಂಕ್ ಬಣ್ಣ) ಹಾಕ್ತೀವಿ. ಇಲ್ಲಿ ಸುಮಾರು ಜನ ಒಂದು ತಪ್ಪು ತಿಳ್ಕೊಂಡಿರ್ತಾರೆ, ಗ್ರಾಂ ನೆಗೆಟಿವ್‌ಗೆ ಕ್ರಿಸ್ಟಲ್ ವಯೊಲೆಟ್ ಹತ್ತೋದೇ ಇಲ್ಲ ಅಂತ. ಹತ್ತತ್ತೆ! ನಂಬಿಕೆ ಬರ್ಲಿಲ್ಲ ಅಂದ್ರೆ ಇ. ಕೋಲೈ ಸ್ಮಿಯರ್‌ಗೆ (ಸ್ಲೈಡ್ ಮೇಲೆ ತೆಳ್ಳಗೆ ಹರಡಿದ ಬ್ಯಾಕ್ಟೀರಿಯಾಗೆ) ಅಯೋಡಿನ್ ತನಕ ಮಾಡಿ ಅಲ್ಲಿಗೇ ನಿಲ್ಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ, ನೇರಳೆನೇ ಇರತ್ತೆ. ಇನ್ನೊಂದು ಸ್ಲೈಡ್‌ಗೆ ಆಲ್ಕೋಹಾಲ್ ಹಾಕಿ ಸಫ್ರಾನಿನ್ ಹಾಕದೇ ನೋಡಿ, ಸೆಲ್ ಹುಡುಕೋದೇ ಕಷ್ಟ ಆಗತ್ತೆ. ಅಂದ್ರೆ ಬೇರೆ ಬೇರೆ ಮಾಡೋದು ಬಣ್ಣ ಅಲ್ಲ, ಆಲ್ಕೋಹಾಲ್.

ಕ್ರಿಸ್ಟಲ್ ವಯೊಲೆಟ್ ಮತ್ತು ಅಯೋಡಿನ್ ಸೆಲ್ ಒಳಗೆ ಸೇರ್ಕೊಂಡು ದಪ್ಪ ಕಾಂಪ್ಲೆಕ್ಸ್ ಆಗತ್ತೆ. ಗ್ರಾಂ ಪಾಸಿಟಿವ್‌ನಲ್ಲಿ ಪೆಪ್ಟಿಡೋಗ್ಲೈಕಾನ್ ಅನ್ನೋ ವಸ್ತುವಿನ ಗೋಡೆ ಸುಮಾರು 20ರಿಂದ 80 ನ್ಯಾನೋಮೀಟರ್ ದಪ್ಪ, ಆಲ್ಕೋಹಾಲ್ ಬಿದ್ರೆ ನೀರು ಕಳ್ಕೊಂಡು ಬಿಗಿಯಾಗತ್ತೆ, ಕಾಂಪ್ಲೆಕ್ಸ್ ಒಳಗೇ ಸಿಕ್ಕಾಕೊಳ್ಳತ್ತೆ. ಗ್ರಾಂ ನೆಗೆಟಿವ್‌ನಲ್ಲಿ ಆ ಪದರ ಕೆಲವೇ ನ್ಯಾನೋಮೀಟರ್, ಅದರ ಮೇಲೆ ಲಿಪಿಡ್ (ಕೊಬ್ಬು) ಇರೋ ಔಟರ್ ಮೆಂಬ್ರೇನ್ (ಹೊರಪೊರೆ), ಆಲ್ಕೋಹಾಲ್ ಆ ಲಿಪಿಡ್ ಕರಗಿಸಿಬಿಡತ್ತೆ, ಉಳಿದ ತೆಳು ಪದರದಿಂದ ಬಣ್ಣ ತೊಳ್ಕೊಂಡು ಹೋಗತ್ತೆ. ಆಮೇಲೆ ಹಾಕೋ ಸಫ್ರಾನಿನ್ ಖಾಲಿ ಆದವನ್ನ ಪಿಂಕ್ ಮಾಡತ್ತೆ. ಇನ್ನು ವಯಸ್ಸಾದ ಬ್ಯಾಸಿಲಸ್ ಕಥೆ: ಸಾಯ್ತಾ ಇರೋ ಸೆಲ್‌ನ ಸ್ವಂತ ಎನ್‌ಝೈಮ್‌ಗಳೇ ಗೋಡೆನ ಅಲ್ಲಲ್ಲಿ ಕತ್ತರಿಸ್ತವೆ. ಗೋಡೆ ಸೀಳಿದ್ಮೇಲೆ ದಪ್ಪ ಇದ್ದು ಏನು ಪ್ರಯೋಜನ, ಬಣ್ಣ ಸೋರತ್ತೆ.

ಹಾಗಂತ ನಿಮ್ಮ ಕೈ ತಪ್ಪೂ ಇರಬಹುದು, ತಳ್ಳಿ ಹಾಕಲ್ಲ. ಆಲ್ಕೋಹಾಲ್ ಕೆಲವು ಸೆಕೆಂಡ್ ಜಾಸ್ತಿ ನಿಂತ್ರೂ ಒಳ್ಳೆ ಗ್ರಾಂ ಪಾಸಿಟಿವ್ ಪಿಂಕ್ ಆಗತ್ತೆ, ಸ್ಲೈಡ್‌ನ ಬೆಂಕಿಗೆ ಹಿಡಿದು ಸುಟ್ರೂ ಅಷ್ಟೇ, ಗೋಡೆ ಒಡೆಯತ್ತೆ. ಉಲ್ಟಾ, ಸ್ಮಿಯರ್ ದಪ್ಪ ಹಾಕಿದ್ರೆ ಗುಂಪಿನ ಮಧ್ಯ ಆಲ್ಕೋಹಾಲ್ ಇಳಿಯಲ್ಲ, ಪಿಂಕ್ ಆಗ್ಬೇಕಾದ್ದೂ ನೇರಳೆ ಉಳಿಯತ್ತೆ. ಅದಕ್ಕೆ ನಾನು ಒಂದೇ ಸ್ಲೈಡ್‌ನಲ್ಲಿ ಮೂರು ಸ್ಮಿಯರ್ ಹಾಕಿಸ್ತೀನಿ, ಒಂದು ಕಡೆ ಸ್ಟ್ಯಾಫಿಲೋಕಾಕಸ್ (ನೇರಳೆ ಬರ್ಬೇಕು), ಇನ್ನೊಂದು ಕಡೆ ಇ. ಕೋಲೈ (ಪಿಂಕ್ ಬರ್ಬೇಕು), ಮಧ್ಯ ನಮ್ಮ ಸ್ಯಾಂಪಲ್. ಆಚೀಚೆ ಎರಡೂ ಸರಿ ಬಂದಿದ್ರೆ ಮಾತ್ರ ಮಧ್ಯದ್ದನ್ನ ನಂಬೋದು. ನೀವು ಹಳೇ ಪ್ಲೇಟಿಂದ ಹೊಸದಕ್ಕೆ ಸ್ಟ್ರೀಕ್ ಮಾಡಿ (ಗೆರೆ ಎಳೆದು ಹರಡಿ), ಕಾಲೊನಿ (ಪ್ಲೇಟ್ ಮೇಲೆ ಬೆಳೆಯೋ ಬ್ಯಾಕ್ಟೀರಿಯಾ ಗುಂಪು) ಎಲ್ಲಾ ಒಂದೇ ಥರ ಇವೆಯಾ ನೋಡಿ, 18ರಿಂದ 24 ಗಂಟೆ ಒಳಗೆ ಸ್ಟೈನ್ ಮಾಡಿ. ಎಲ್ಲಾ ನೇರಳೆ ಬಂದ್ರೆ ಕಂಟಾಮಿನೇಶನ್ ಚಿಂತೆ ಬಿಡಿ. ಆದ್ರೆ ರೆಕಾರ್ಡ್‌ನಲ್ಲಿ ಮೊದಲನೇ ರಿಸಲ್ಟ್ ಹೊಡೆದು ಹಾಕ್ಬೇಡಿ, ಪಕ್ಕದಲ್ಲಿ ಕಲ್ಚರ್ ಎಷ್ಟು ದಿನದ್ದು ಅಂತ ಬರೀರಿ.

ಎರಡನೇ ಡೌಟು. ಬರೀ ಬಣ್ಣ ನೋಡಿ ಹೆಸರು ಹೇಳೋಕೆ ಯಾರಿಗೂ ಆಗಲ್ಲ. ಡೆನ್ಮಾರ್ಕ್‌ನ ಡಾಕ್ಟರ್ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಬರ್ಲಿನ್‌ನಲ್ಲಿದ್ದಾಗ ಈ ವಿಧಾನ ಪ್ರಕಟಿಸಿದ್ದು ಬ್ಯಾಕ್ಟೀರಿಯಾನ ಎರಡು ಜಾತಿ ಮಾಡೋಕಲ್ಲ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಟಿಶ್ಯೂ ಒಳಗೆ ಬ್ಯಾಕ್ಟೀರಿಯಾ ಕಾಣೋ ಹಂಗೆ ಮಾಡೋಕೆ. ಗೋಡೆ ಹೆಂಗಿದೆ ಅಂತ ಬಣ್ಣ ಹೇಳತ್ತೆ, ಅಷ್ಟೇ. ಮೈಕೋಪ್ಲಾಸ್ಮಾಗೆ ಗೋಡೆನೇ ಇಲ್ಲ, ಟಿಬಿ ಬ್ಯಾಕ್ಟೀರಿಯಾ ಗೋಡೆ ತುಂಬಾ ಮೈಕೋಲಿಕ್ ಆಸಿಡ್ ಅನ್ನೋ ಮೇಣದಂಥದ್ದು, ಇವೆರಡರ ಹತ್ರ ಗ್ರಾಂ ಸ್ಟೈನ್ ಆಟ ನಡೆಯಲ್ಲ. ಟಿಬಿಗೆ ಆಸಿಡ್ ಫಾಸ್ಟ್ ಸ್ಟೈನೇ (ಆಸಿಡ್ ಹಾಕಿ ತೊಳೆದ್ರೂ ಬಣ್ಣ ಬಿಡದೇ ಇರೋದನ್ನ ತೋರಿಸೋದು) ಬೇಕು.

ಹೆಸರು ಸಿಗೋದು ಒಂದರ ಹಿಂದೆ ಒಂದು ಟೆಸ್ಟ್ ಮಾಡ್ತಾ ಹೋದಾಗ. ನೇರಳೆ, ಗುಂಡಗೆ, ಗೊಂಚಲು ಥರ ಕಾಣ್ತು ಅನ್ಕೊಳ್ಳಿ, ಸ್ಟ್ಯಾಫಿಲೋಕಾಕಸ್ ಇರ್ಬಹುದು. ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್‌ಗೆ ಕಾಲೊನಿ ಸೇರಿಸಿದ್ರೆ ಬುರುಬುರು ಅಂತ ಗುಳ್ಳೆ ಬಂತು ಅಂದ್ರೆ ಕ್ಯಾಟಲೇಸ್ (ಪೆರಾಕ್ಸೈಡ್ ಒಡೆಯೋ ಎನ್‌ಝೈಮ್) ಪಾಸಿಟಿವ್, ಅದಿಲ್ಲದ ಸ್ಟ್ರೆಪ್ಟೋಕಾಕಸ್ ಲಿಸ್ಟಿಂದ ಔಟ್. ಆಮೇಲೆ ಕೋಅಗ್ಯುಲೇಸ್ ಟೆಸ್ಟ್, ಪ್ಲಾಸ್ಮಾ ಹೆಪ್ಪುಗಟ್ಟಿದ್ರೆ ಸ್ಟ್ಯಾಫ್ ಆರಿಯಸ್ ಅನ್ನೋ ಅನುಮಾನ ಬಲ ಆಗತ್ತೆ. ಪಿಂಕ್ ಕೋಲಾದ್ರೆ ಆಕ್ಸಿಡೇಸ್ ಅನ್ನೋ ಎನ್‌ಝೈಮ್ ಟೆಸ್ಟ್ ಮೊದಲು, ಸುಡೋಮೊನಾಸ್ ಎರುಜಿನೋಸಾ ಪಾಸಿಟಿವ್, ಇ. ಕೋಲೈ ನೆಗೆಟಿವ್. ಅಷ್ಟಕ್ಕೂ ಬಗೆಹರೀಲಿಲ್ಲ ಅಂದ್ರೆ ಎಲ್ಲಾ ಬ್ಯಾಕ್ಟೀರಿಯಾದಲ್ಲೂ ಇರೋ 16ಎಸ್ ಜೀನ್, ಸುಮಾರು 1500 ಡಿಎನ್‌ಎ ಅಕ್ಷರದ್ದು, ಸೀಕ್ವೆನ್ಸ್ ಮಾಡ್ತಾರೆ (ಅಕ್ಷರ ಒಂದೊಂದಾಗಿ ಓದ್ತಾರೆ). ಕ್ಯಾಟಲೇಸ್ ಮಾಡುವಾಗ ಒಂದು ಹುಷಾರು: ಬ್ಲಡ್ ಅಗಾರ್‌ನಿಂದ (ರಕ್ತ ಬೆರೆಸಿದ ಪ್ಲೇಟಿಂದ) ಕಾಲೊನಿ ಎತ್ತುವಾಗ ಅಗಾರ್ ಚೂರು ಬರಬಾರದು, ರಕ್ತದಲ್ಲೂ ಕ್ಯಾಟಲೇಸ್ ಇರತ್ತೆ, ಗುಳ್ಳೆ ಅದರದ್ದೋ ಬ್ಯಾಕ್ಟೀರಿಯಾದ್ದೋ ಗೊತ್ತಾಗಲ್ಲ.