ಕೊಲೊರಾಡೊದಲ್ಲಿ ಒಂದೇ ದಿನ ಮೂವರು ಗವರ್ನರ್: ಹೌದು, ನಿಜ

1905ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯಕ್ಕೆ ಒಂದೇ ದಿನ ಮೂವರು ಗವರ್ನರ್ ಇದ್ದರಂತೆ, ಇದು ಕಟ್ಟುಕಥೆಯಾ ಅಂತ ಕೇಳಿದ್ದೀರಿ. ಕಥೆಯಲ್ಲ, ನಡೆದದ್ದೇ. ಅಲ್ಲಿನ ಗವರ್ನರ್‌ರನ್ನು ಜನರೇ ಆರಿಸುತ್ತಾರೆ. ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗಳಿಗೆ ಹತ್ತಿರ.

1904ರ ಚುನಾವಣೆ ಹೊತ್ತಿಗೆ ಗವರ್ನರ್ ಆಗಿದ್ದವರು ರಿಪಬ್ಲಿಕನ್ ಪಕ್ಷದ ಜೇಮ್ಸ್ ಪೀಬಾಡಿ. ಕ್ರಿಪಲ್ ಕ್ರೀಕ್ ಮತ್ತು ಟೆಲ್ಯುರೈಡ್‌ನಲ್ಲಿ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ ಅವರು ಸೈನ್ಯ ಕಳಿಸಿದ್ದರು. ಕಾರ್ಮಿಕರ ಸಿಟ್ಟು ಸುಮ್ನೆ ಹೋಗುತ್ತದಾ? 1904ರ ನವೆಂಬರ್‌ನಲ್ಲಿ ಡೆಮಾಕ್ರಾಟ್ ಆಲ್ವಾ ಆಡಮ್ಸ್ ಹೆಚ್ಚು ಮತ ಪಡೆದು ಗೆದ್ದು, 1905ರ ಜನವರಿಯಲ್ಲಿ ಗವರ್ನರ್ ಆದರು. ಹಿಂದೆ ಎರಡು ಸಲ ಗವರ್ನರ್ ಆಗಿದ್ದ ಹಳೇ ಹುಲಿ.

ತಕರಾರು ಶುರುವಾದದ್ದು ಆಮೇಲೆ. ರಾಜಧಾನಿ ಡೆನ್ವರ್‌ನಲ್ಲಿ ಡೆಮಾಕ್ರಾಟರು ಕಳ್ಳ ಮತ ಹಾಕಿಸಿದ್ದಾರೆ ಅಂತ ಪೀಬಾಡಿ ದೂರು ಕೊಟ್ಟರು. ಕಲ್ಲಿದ್ದಲು ಗಣಿಗಳ ಕಡೆ ಕಂಪನಿಗಳೇ ಒತ್ತಾಯದಿಂದ ರಿಪಬ್ಲಿಕನ್ನರಿಗೆ ಮತ ಹಾಕಿಸಿದವು ಅಂತ ಎದುರು ಪಕ್ಷ ಹೇಳಿತು. ನನ್ನ ಪ್ರಕಾರ ಎರಡೂ ನಿಜ. ತೀರ್ಪು ಕೊಡಬೇಕಾದದ್ದು ಶಾಸನಸಭೆ, ಅಲ್ಲಿ ರಿಪಬ್ಲಿಕನ್ನರದ್ದೇ ಬಹುಮತ. ಆದರೂ ಪೀಬಾಡಿ ಮತ್ತೆ ಬೇಡ ಅನ್ನುವವರು ಅವರ ಪಕ್ಷದಲ್ಲೇ ಇದ್ದರು.

ಕೊನೆಗೆ ಒಳಗೊಳಗೇ ಒಪ್ಪಂದವಾಯಿತು. ಮಾರ್ಚ್ 16ರಂದು ಆಡಮ್ಸ್‌ರನ್ನು ಇಳಿಸಿ ಪೀಬಾಡಿಯನ್ನು ಕೂರಿಸಿದರು. ಷರತ್ತು ಒಂದೇ: ತಕ್ಷಣ ರಾಜೀನಾಮೆ. ಮರುದಿನವೇ ಅವರು ಕೆಳಗಿಳಿದರು. ಉಪ ಗವರ್ನರ್ ಜೆಸ್ಸಿ ಮೆಕ್‌ಡೊನಾಲ್ಡ್ ಮೂರನೆಯವರಾಗಿ ಬಂದರು. ಹಾಗಾಗಿ ಸರಿಯಾಗಿ ಹೇಳಬೇಕೆಂದರೆ 'ಒಂದೇ ತಾರೀಖು' ಅಲ್ಲ, 24 ಗಂಟೆಯೊಳಗೆ. ಚುನಾವಣೆಯಲ್ಲಿ ಗವರ್ನರ್ ಹುದ್ದೆಗೆ ನಿಂತೇ ಇರದ ಮೆಕ್‌ಡೊನಾಲ್ಡ್ 1907ರ ಜನವರಿವರೆಗೂ ಆಡಳಿತ ನಡೆಸಿದರು!