ಗಿರಿಯಲ್ಲಿ ಮಕ್ಕಳಿಗೆ ಏನು ತೋರಿಸಲಿ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಮುಳ್ಳಯ್ಯನಗಿರಿಗೆ ಹೊರಟಿದ್ದೇವೆ. ನೀಲಕುರಿಂಜಿ ಸಿಗುತ್ತಾ? ಪ್ರಾಣಿಗಳು ಕಾಣುತ್ತವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಕುರಿಂಜಿ ಆಸೆ ಬಿಡಿ. ಅದು 12 ವರ್ಷಕ್ಕೊಮ್ಮೆ ಅರಳುವ ಹೂ. ಮುಳ್ಳಯ್ಯನಗಿರಿ ಇರುವ ನಮ್ಮ ಚಂದ್ರದ್ರೋಣ ಬೆಟ್ಟಸಾಲು ನೀಲಿಯಾಗಿದ್ದು 2022ರಲ್ಲಿ. ಈಗ ಸುಮ್ನೆ ಹಸಿರು ಪೊದೆ, ಅಷ್ಟೆ.

ಬದಲಿಗೆ ರಸ್ತೆ ಬದಿಯ ಒದ್ದೆ ದರೆ (ಕಡಿದಾದ ಮಣ್ಣಿನ ಗೋಡೆ) ನೋಡಿ. ಕರ್ಣಕುಂಡಲದ ಜಾತಿಯ ಗುಲಾಬಿ ಬಣ್ಣದ ಹೂಗಳಿರುತ್ತವೆ. ಬಲಿತ ಕಾಯಿಯನ್ನು ಬೆರಳ ತುದಿಯಲ್ಲಿ ಮುಟ್ಟಿದರೆ ಸಾಕು, ಪಟ್ ಅಂತ ಸಿಡಿಯುತ್ತದೆ. ಸಿಪ್ಪೆ ಹುಳದ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ, ಬೀಜ ಮುಖಕ್ಕೇ ಹಾರುತ್ತದೆ. ನನ್ನ ಮಗಳು ಒಮ್ಮೆ ಅರ್ಧ ಗಂಟೆ ಅಲ್ಲಿಂದ ಕದಲಲೇ ಇಲ್ಲ. ಹೂ ಮಾತ್ರ ಕೀಳಲು ಬಿಡಬೇಡಿ.

ಕೆಳಗಿನ ಕಾಫಿ ತೋಟಗಳ ಎತ್ತರದ ಮರಗಳಲ್ಲಿ ಕೆಂದಳಿಲು ಹುಡುಕಿ. ಮೈಗಿಂತ ಬಾಲವೇ ಉದ್ದ! ಬೆಳಗಿನ ಜಾವ ಯಾರೋ ಪೋಲಿ ಹುಡುಗ ಶಿಳ್ಳೆ ಹಾಕಿದಂತೆ ಕೇಳಿಸಿದರೆ ಬೈಯಬೇಡಿ, ಅದು ಸಿಳ್ಳಾರ ಹಕ್ಕಿ. ಕಾಟಿ (ಕಾಡುಕೋಣ) ಕಂಡರೆ ಕಾರಿನಿಂದ ಇಳಿಯಬೇಡಿ, ಹಾರ್ನ್ ಕೂಡ ಬೇಡ.

ಇನ್ನು, ಹುಡುಕದೆಯೇ ಸಿಗುವ ಜೀವಿ ಅಂದರೆ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ. ಉದ್ದನೆಯ ಕಾಲುಚೀಲ, ಒಂದು ಪೊಟ್ಟಣ ಉಪ್ಪು ಜೊತೆಗಿರಲಿ.