ಮಿಕ್ಸಿ ವಿನ್ಯಾಸ: ಹೊಸ ಸೌಲಭ್ಯ ಮೊದಲೋ, ಹಳೇ ದೂರು ಮೊದಲೋ?

ಹೊಸ ಮಿಕ್ಸಿಯ ದುಡ್ಡನ್ನು ಬಣ್ಣದ ದೀಪಕ್ಕೆ ಹಾಕೋದೋ, ಮುಚ್ಚಳ ಸೋರುತ್ತೆ ಅನ್ನೋ ದೂರಿಗೆ ಹಾಕೋದೋ ಅಂತ ಕೇಳಿದ್ದೀರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಉತ್ತರ ಸಿಗಲ್ಲ. ಮುಚ್ಚಳ ಸೋರಲಿಲ್ಲ ಅಂತ ಯಾರೂ ಹೊಗಳಲ್ಲ, ಸೋರಿದರೆ ಮಾತ್ರ ಬೈತಾರೆ. ದೀಪ ಇದ್ದರೆ ಕೆಲವರಿಗೆ ಖುಷಿ, ಇಲ್ಲದಿದ್ದರೆ ಯಾರೂ ಕೇಳಲ್ಲ. ಮೆಚ್ಚುಗೆಯನ್ನೂ ಬೇಸರವನ್ನೂ ಬೇರೆ ಬೇರೆ ಅಳೆಯಬೇಕು.

ಇದಕ್ಕೆ ನಾನು ಬಳಸೋದು ಜಪಾನಿನ ನೊರಿಯಾಕಿ ಕಾನೊ ಮತ್ತು ಸಂಗಡಿಗರು 1984ರಲ್ಲಿ ಮುಂದಿಟ್ಟ ವಿಧಾನ. ಪ್ರತಿ ಅಂಶಕ್ಕೂ ಜೋಡಿ ಪ್ರಶ್ನೆ: 'ಜಾರ್ ತುಂಬ ರುಬ್ಬಿದಾಗಲೂ ಸೋರದಿದ್ದರೆ ಹೇಗನಿಸುತ್ತೆ?', 'ಸೋರಿದರೆ ಹೇಗನಿಸುತ್ತೆ?' ಎರಡಕ್ಕೂ ಅದೇ ಐದು ಉತ್ತರ: ಖುಷಿ, ಹಾಗೇ ಇರಬೇಕು, ಏನೂ ಅನಿಸಲ್ಲ, ಹೊಂದ್ಕೊಳ್ತೀನಿ, ಇಷ್ಟ ಇಲ್ಲ.

ಇದ್ದರೆ ಖುಷಿ, ಇಲ್ಲದಿದ್ದರೆ ಇಷ್ಟ ಇಲ್ಲ ಅಂದರೆ ಅದು 'ಹೆಚ್ಚಿದಷ್ಟೂ ಒಳ್ಳೆಯದು'. ಇದ್ದರೆ ಖುಷಿ, ಇಲ್ಲದಿದ್ದರೆ ನಡುವಿನ ಮೂರರಲ್ಲೊಂದು: 'ಆಕರ್ಷಕ'. ತಿರುವುಮುರುವಾಗಿ, ಇದ್ದರೆ ನಡುವಿನದು, ಇಲ್ಲದಿದ್ದರೆ ಇಷ್ಟ ಇಲ್ಲ: 'ಕಡ್ಡಾಯ'. ಎರಡಕ್ಕೂ ನಡುವಿನದೇ ಬಂದರೆ 'ಲೆಕ್ಕಕ್ಕಿಲ್ಲ'. ಎರಡಕ್ಕೂ ಖುಷಿ ಅಂದವರು ಪ್ರಶ್ನೆ ಓದಿಲ್ಲ, ತೆಗೆದುಹಾಕಿ. ಇದ್ದರೇ ಬೇಸರ ಅನ್ನೋರನ್ನು ಬೇರೆ ಎಣಿಸಿ.

ಈಗ ಲೆಕ್ಕ. 50 ಜನರಲ್ಲಿ ಮುಚ್ಚಳಕ್ಕೆ ಕಡ್ಡಾಯ 31, ಹೆಚ್ಚಿದಷ್ಟೂ ಒಳ್ಳೆಯದು 14, ಆಕರ್ಷಕ 1, ಲೆಕ್ಕಕ್ಕಿಲ್ಲ 4 ಬಂತು ಅಂದುಕೊಳ್ಳಿ. ಮೆಚ್ಚುಗೆ ಅಂದರೆ 'ಆಕರ್ಷಕ', 'ಹೆಚ್ಚಿದಷ್ಟೂ ಒಳ್ಳೆಯದು' ಎರಡೂ ಸೇರಿ (1+14)/50 = 0.30; ಬೇಸರ ಅಂದರೆ 'ಹೆಚ್ಚಿದಷ್ಟೂ ಒಳ್ಳೆಯದು', 'ಕಡ್ಡಾಯ' ಎರಡೂ ಸೇರಿ (14+31)/50 = 0.90. ದೀಪಕ್ಕೆ ಅದೇ ಕ್ರಮದಲ್ಲಿ 1, 3, 18, 28 ಬಂದರೆ ಮೆಚ್ಚುಗೆ 0.42, ಬೇಸರ 0.08. ಮೆಚ್ಚುಗೆಯೊಂದನ್ನೇ ನೋಡಿದ್ದರೆ ದೀಪ ಗೆಲ್ತಿತ್ತು! ಸದ್ದು ಕಡಿಮೆ ಅನ್ನೋದಕ್ಕೆ 7, 26, 12, 5 ಬಂದರೆ 0.76 ಮತ್ತು 0.66, ಎರಡೂ ಮೇಲೆ. ನಾನಾದರೆ ಮೊದಲು ಮುಚ್ಚಳ, ಮಿಕ್ಕ ದುಡ್ಡೆಲ್ಲ ಸದ್ದಿಗೆ. ದೀಪ ಕೊನೆಗೆ, ಅದೂ ಉಳಿದರೆ.

ಆದರೆ ಮುಚ್ಚಳವನ್ನೂ ಸೋರದ ಮಟ್ಟಕ್ಕೆ ತಂದು ಅಲ್ಲಿಗೇ ನಿಲ್ಲಿಸಿ. ಇನ್ನೂ ಬಿಗಿ ಮಾಡೋಣ ಅಂತ ವಾಷರ್ ದಪ್ಪ ಮಾಡಿದರೆ ಒದ್ದೆ ಕೈಯಲ್ಲಿ ಮುಚ್ಚಳ ತೆಗೆಯೋಕೆ ಆಗಲ್ಲ. ಒಂದು ದೂರು ಹೋಗಿ ಇನ್ನೊಂದು ಬರುತ್ತೆ. ಹಾಗಾಗಿ ಸೋರಿಕೆ ಪರೀಕ್ಷೆ ಮಾಡಿದ ಜಾರನ್ನೇ ಕೈಗೆ ಎಣ್ಣೆ ಸವರಿಕೊಂಡು ತೆಗೆದು ನೋಡಿ. ತಳದ ಕೆಂಪು ಓವರ್‌ಲೋಡ್ ಸ್ವಿಚ್ಚೂ ಅಷ್ಟೇ: ತಡವಾಗಿ ಬಿದ್ದರೆ ಮೋಟಾರ್ ಸುಟ್ಟುಹೋಗುತ್ತೆ, ಬೇಗ ಬಿದ್ದರೆ ಉದ್ದು ರುಬ್ಬುವಾಗ ನಾಲ್ಕು ಸಲ ಮಿಕ್ಸಿ ಎತ್ತಿ ಒತ್ತಬೇಕು.

ಸಮೀಕ್ಷೆ ಹಾಳಾಗೋದು ಹೆಚ್ಚಾಗಿ ಎರಡು ಕಡೆ. 'ಸಿಲಿಕೋನ್ ವಾಷರ್ ಇದ್ದರೆ?' ಅಂತ ಬಿಡಿಭಾಗದ ಹೆಸರು ಹೇಳಿ ಕೇಳಬೇಡಿ, ಬಳಸುವಾಗ ಆಗೋದನ್ನು ಕೇಳಿ. ಮತ್ತೆ, ದಿನಾ ದೋಸೆ ಹಿಟ್ಟು ರುಬ್ಬೋರನ್ನೂ ಬರೀ ಚಟ್ನಿ ಮಾಡೋರನ್ನೂ ಒಂದೇ ರಾಶಿಗೆ ಹಾಕಬೇಡಿ. ಒಬ್ಬರಿಗೆ ಕಡ್ಡಾಯವಾದದ್ದು ಇನ್ನೊಬ್ಬರಿಗೆ ಲೆಕ್ಕಕ್ಕಿಲ್ಲದಿದ್ದರೆ, ಒಟ್ಟು ಅಂಕಿ ಇಬ್ಬರಲ್ಲಿ ಯಾರದ್ದೂ ಆಗಿರಲ್ಲ.